ಪಾತ್ರಕ್ಕೂ ವಯಸ್ಸಾಗುತ್ತದೆ

1960ರ ಡಿಸೆಂಬರ್ 9, ಶುಕ್ರವಾರ. ಸಂಜೆ ಏಳಕ್ಕೆ ಇಂಗ್ಲೆಂಡಿನ ಐಟಿವಿಯಲ್ಲಿ ಒಂದು ಬಡವರ ಬೀದಿ ಕಾಣಿಸಿಕೊಂಡಿತು. ಅಲ್ಲಿನ ಒಂದು ಮನೆಯಲ್ಲಿ ಊಟದ ಹೊತ್ತು. ಅಪ್ಪ ಅಂಚೆ ಇಲಾಖೆಯ ನೌಕರ. ತಟ್ಟೆಗೆ ಧಾರಾಳವಾಗಿ ಸಾಸ್ ಸುರಿದುಕೊಂಡು ಉಣ್ಣುತ್ತಿದ್ದಾನೆ. ಕಾಲೇಜು ಓದುವ ಹಿರಿಮಗ ಅದನ್ನು ನೋಡಲಾರದೆ ಮುಖ ಹಿಂಡುತ್ತಾನೆ. ಅಪ್ಪನ ಕಣ್ಣಿಗೆ ಅದು ಬೀಳುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ. ಮಗ ತನ್ನ ಗೆಳತಿಯನ್ನು ಕರೆದೊಯ್ಯಬೇಕೆಂದಿರುವ ಹೋಟೆಲಿನಲ್ಲೇ ಅವನ ಅಮ್ಮ ಕೆಲಸ ಮಾಡುತ್ತಾಳೆ ಎಂಬುದು ಜಗಳದ ಇನ್ನೊಂದು ಎಳೆ. ಓದಿದ ಹುಡುಗನಿಗೆ ಹುಟ್ಟಿದ ಮನೆಯೇ ನಾಚಿಕೆಯಾಗತೊಡಗುವ ಈ ಗಳಿಗೆಯನ್ನು ಕನ್ನಡದ ಓದುಗರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

ಧಾರಾವಾಹಿಯ ಹೆಸರು 'ಕೊರೊನೇಷನ್ ಸ್ಟ್ರೀಟ್'. ಮಗ ಕೆನ್ ಬಾರ್ಲೋ. ಆ ಪಾತ್ರ ಮಾಡಿದ ವಿಲಿಯಂ ರೋಚ್‌ಗೆ ಆಗ 28 ವರ್ಷ. ರಾಯಲ್ ವೆಲ್ಷ್ ಫ್ಯೂಸಿಲಿಯರ್ಸ್ ಪಡೆಯಲ್ಲಿ ಕ್ಯಾಪ್ಟನ್ ಆಗಿದ್ದು, ಸೈನ್ಯ ಬಿಟ್ಟು ನಟನೆಗೆ ಬಂದವರು. ಲಂಡನ್ನಿನಲ್ಲಿ ಆಗಷ್ಟೇ ಒಳ್ಳೆಯ ಪಾತ್ರಗಳು ಸಿಗುವ ಲಕ್ಷಣ ಕಾಣುತ್ತಿತ್ತು. ಮ್ಯಾಂಚೆಸ್ಟರಿಗೆ ಹೋಗಿ ಒಂದು ಬೀದಿಯ ಕತೆಯಲ್ಲಿ ಸಿಕ್ಕಿಕೊಳ್ಳಲು ಅವರಿಗೆ ಅಷ್ಟು ಮನಸ್ಸಿರಲಿಲ್ಲ. ಕೆಲವೇ ವಾರಗಳ ಕೆಲಸ, ಮುಗಿಸಿ ಬಂದರಾಯಿತು ಎಂದುಕೊಂಡು ಒಪ್ಪಿದ್ದಾಗಿ ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಆ ಲೆಕ್ಕ ತಪ್ಪೇನೂ ಆಗಿರಲಿಲ್ಲ. ಧಾರಾವಾಹಿ ತಯಾರಿಸುತ್ತಿದ್ದ ಗ್ರನಾಡಾ ಸಂಸ್ಥೆ ಮೊದಲು ಒಪ್ಪಿದ್ದೇ 13 ಕಂತುಗಳಿಗೆ. 'ಡೇಲಿ ಮಿರರ್' ಪತ್ರಿಕೆಯ ವಿಮರ್ಶಕರಂತೂ ಮೊದಲ ಕಂತು ನೋಡಿಯೇ ಇದು ಹೆಚ್ಚು ದಿನ ಬಾಳುವ ಸರಕಲ್ಲ ಎಂದು ಬರೆದುಬಿಟ್ಟರು. ರೋಚ್‌ಗೆ ಈಗ ತೊಂಬತ್ತು ದಾಟಿದೆ. ಕೆನ್ ಬಾರ್ಲೋ ಇನ್ನೂ ಅದೇ ಬೀದಿಯ ನಿವಾಸಿ.

ನಟರ ನೆನಪುಗಳೆಂದರೆ ನಮಗೆ ಸಿನಿಮಾದವರ ನೆನಪುಗಳು: ಆ ಚಿತ್ರದ ಹೊತ್ತಿಗೆ ಹೀಗಾಯಿತು, ಈ ನಿರ್ದೇಶಕರು ಹೀಗಂದರು. ಚಿತ್ರ ಮುಗಿದಿರುತ್ತದೆ, ನೆನಪಿಗೊಂದು ಚೌಕಟ್ಟು ಸಿಕ್ಕಿರುತ್ತದೆ. ಮುಗಿಯದ ಧಾರಾವಾಹಿಯಲ್ಲಿ ದುಡಿದವರಿಗೆ ಆ ಅನುಕೂಲವಿಲ್ಲ. ಕೊರೊನೇಷನ್ ಸ್ಟ್ರೀಟಿನ ನಟರು ಬರೆದ ಆತ್ಮಕತೆಗಳು ಒಂದು ಕಪಾಟು ತುಂಬುವಷ್ಟಿವೆ. ಅವರ ಸಂದರ್ಶನಗಳಿಗಂತೂ ಲೆಕ್ಕವಿಲ್ಲ. ಅಲ್ಲಿ ಕಥಾವಸ್ತುವಿನ ಬಗ್ಗೆ ಮಾತು ಕಡಿಮೆ. ಪಕ್ಕದಲ್ಲಿ ನಿಂತ ನಟ ಯಾರು, ಯಾರು ಯಾವಾಗ ಹೋದರು, ಹೋದ ಮೇಲೆ ಆ ಮನೆಯ ಸೆಟ್ಟಿನಲ್ಲಿ ನಿಲ್ಲುವುದು ಹೇಗಿತ್ತು, ಇವೇ ಹೆಚ್ಚು. ಅದಕ್ಕೆ ಕಾರಣವೂ ಇದೆ. ಇಂಥ ಧಾರಾವಾಹಿ ನಟನ ಮುಖ, ದನಿಗಳ ಜೊತೆಗೆ ಅವನ ಮುಪ್ಪು, ಕಾಯಿಲೆ, ಕೊನೆಗೆ ಸಾವನ್ನೂ ಬಳಸಿಕೊಳ್ಳುತ್ತದೆ. ಬಳಸಿಕೊಳ್ಳುತ್ತದೆ ಎನ್ನುವುದು ಒರಟು ಮಾತು, ಆದರೆ ಸರಿಯಾದ ಮಾತು.

ಮೊದಲು ಆ ಕಾಲದ ಕೆಲಸದ ರೀತಿಯನ್ನು ನೋಡಬೇಕು. ಶುಕ್ರವಾರದ ಕಂತು ನೇರ ಪ್ರಸಾರ. ಅದು ಮುಗಿದ ಕೂಡಲೇ ಅದೇ ಸ್ಟುಡಿಯೊದಲ್ಲಿ ಬುಧವಾರದ ಕಂತನ್ನು ಟೇಪಿಗೆ ಹಿಡಿಯುತ್ತಿದ್ದರು. ಬೀದಿ ಎಂದರೆ ಸ್ಟುಡಿಯೊದೊಳಗೆ ನಿಲ್ಲಿಸಿದ ಮನೆಗಳ ಮುಂಭಾಗ, ಅದೂ ನಿಜವಾದ ಮನೆಗಿಂತ ಸಣ್ಣ ಅಳತೆಯದು. ಕಲ್ಲುಹಾಸನ್ನು ನೆಲದ ಮೇಲೆ ಬಣ್ಣದಲ್ಲಿ ಬರೆದಿದ್ದರು. ಟೇಪು ಕತ್ತರಿಸಿ ಜೋಡಿಸುವುದು ದುಬಾರಿಯ ಕೆಲಸವಾದ್ದರಿಂದ, ನೇರ ಪ್ರಸಾರ ನಿಂತ ಮೇಲೂ ಬಹುಕಾಲ ಒಂದೇ ಓಟದಲ್ಲಿ ಚಿತ್ರೀಕರಿಸುವ ರೂಢಿ ಉಳಿಯಿತು. ಮಾತು ಮರೆತರೆ ಪಕ್ಕದವರೇ ಎತ್ತಿಕೊಂಡು ಮುಂದೆ ಸಾಗಿಸಬೇಕು. ವಾರದ ಮೊದಲ ಭಾಗ ತಾಲೀಮು, ಕೊನೆಯಲ್ಲಿ ಸ್ಟುಡಿಯೊ. ನಾಟಕ ಕಂಪನಿಗಳಲ್ಲಿ ಪಳಗಿ ಬಂದವರಿಗೆ ಇದು ಗೊತ್ತಿದ್ದ ಶಿಸ್ತೇ. ಹಳಬರ ನಟನೆಯಲ್ಲಿ ಕಾಣುವ ಬಿಗಿ ಆ ಭಯದಿಂದ ಬಂದದ್ದು ಎಂದು ನನಗೆ ಅನ್ನಿಸುತ್ತದೆ. ಈಗಿನ ನಮ್ಮ ಧಾರಾವಾಹಿಗಳಲ್ಲಿ ಸಂಭಾಷಣೆಯ ಹಾಳೆ ಸೆಟ್ಟಿಗೆ ಬಂದ ಮೇಲೆ ಕೈಗೆ ಸಿಗುತ್ತದೆ, ಮರೆತರೆ ಇನ್ನೊಂದು ಟೇಕ್. ಅದರ ಕಷ್ಟವೇ ಬೇರೆ.

ಈ ಬೀದಿಯನ್ನು ಕಲ್ಪಿಸಿದ ಟೋನಿ ವಾರೆನ್ ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಬಾಲಕನಾಗಿದ್ದಾಗ ಬಿಬಿಸಿ ರೇಡಿಯೊದ ಮಕ್ಕಳ ಕಾರ್ಯಕ್ರಮದಲ್ಲಿ ಪಾತ್ರ ಮಾಡಿದವನು. ಬೀದಿಯ ನಾಲಿಗೆಯಂತಿರುವ ಈನಾ ಶಾರ್ಪಲ್ಸ್ ಎಂಬ ಮುದುಕಿಯ ಪಾತ್ರಕ್ಕೆ ಎಷ್ಟು ಹುಡುಕಿದರೂ ಯಾರೂ ಒಗ್ಗಲಿಲ್ಲ. ಆಗ ಅವನಿಗೆ ನೆನಪಾದದ್ದು ಅದೇ ರೇಡಿಯೊ ಸ್ಟುಡಿಯೊದಲ್ಲಿ ಪಿಯಾನೊ ನುಡಿಸುತ್ತಿದ್ದ ವಯೊಲೆಟ್ ಕಾರ್ಸನ್. ಚಿಕ್ಕವನಿದ್ದಾಗ ಅವನ ಗಲಾಟೆ ತಾಳಲಾರದೆ ಆಕೆ ಗದರಿಕೊಂಡಿದ್ದರು. ತಲೆಗೆ ಬಲೆ ಬಿಗಿದು, ಬಿಯರ್ ಲೋಟದ ಮುಂದೆ ಕೂತು ಊರಿನವರ ನಡತೆಗೆ ತೀರ್ಪು ಕೊಡುವ ಈನಾಳನ್ನು ಇಂಗ್ಲೆಂಡ್ ತನ್ನ ಸ್ವಂತ ಅಜ್ಜಿಯೆಂದೇ ಒಪ್ಪಿಕೊಂಡಿತು. ಕಾರ್ಸನ್ ಮಾತ್ರ ನಯವಾದ, ಸಂಗೀತ ಬಲ್ಲ ಹೆಣ್ಣುಮಗಳು. ಆಕೆಯ ಹೆಸರನ್ನು ಒಂದು ಗುಲಾಬಿ ತಳಿಗೂ ಇಟ್ಟಿದ್ದಾರೆ.

1961ರ ಕೊನೆಯಲ್ಲಿ ನಟರ ಸಂಘ ಮುಷ್ಕರ ಹೂಡಿತು. ದೀರ್ಘ ಒಪ್ಪಂದಕ್ಕೆ ಸಹಿ ಹಾಕಿದ್ದ ಹತ್ತು-ಹದಿನೈದು ಮಂದಿಯನ್ನು ಬಿಟ್ಟರೆ ಬೇರೆಯವರು ಕ್ಯಾಮೆರಾ ಮುಂದೆ ಬರುವಂತಿಲ್ಲ. ಬೀದಿಗೆ ಹಾಲಿನವನಿಲ್ಲ, ಅಂಚೆಯವನಿಲ್ಲ, ಆಡುವ ಮಕ್ಕಳಿಲ್ಲ, ಪಬ್ಬಿನಲ್ಲಿ ಗಿರಾಕಿಗಳಿಲ್ಲ. ಉಳಿದವರೇ ಒಬ್ಬರ ಮನೆಗೊಬ್ಬರು ಹೋಗಿ ಬಂದು ತಿಂಗಳುಗಟ್ಟಲೆ ಕತೆ ಎಳೆದರು. ಒಂದು ಬೀದಿಯ ಕತೆಗೆ ಬೀದಿಯೇ ಬೇಕಿಲ್ಲ, ನಾಲ್ಕು ಗೋಡೆ ಮತ್ತು ಇಬ್ಬರು ಮಾತುಗಾರರು ಸಾಕು ಎಂಬುದು ಬರಹಗಾರರಿಗೆ ಗಟ್ಟಿಯಾದದ್ದು ಆಗ. ಗುಂಪಿನ ನಡುವೆ ಒಂದು ಬಗೆಯ ಕುಟುಂಬದ ಬಂಧ ಬೆಳೆದದ್ದೂ ಆಗಲೇ ಇರಬೇಕು.

ಬೀದಿಯ ಮೂಲೆಯ ಪಬ್ಬಿನ ಹೆಸರು ರೋವರ್ಸ್ ರಿಟರ್ನ್. ಅದರ ಒಡತಿ ಆ್ಯನಿ ವಾಕರ್ ತಾನು ಸುತ್ತಲಿನವರಿಗಿಂತ ಒಂದು ಮೆಟ್ಟಿಲು ಮೇಲೆ ಎಂದು ನಂಬಿದ ಹೆಂಗಸು. ಆ ಪಾತ್ರದ ಡೋರಿಸ್ ಸ್ಪೀಡ್ ತಮ್ಮ ವಯಸ್ಸನ್ನು ಯಾರಿಗೂ ಹೇಳಿದವರಲ್ಲ. ಸಹನಟರೂ ಆಕೆಯನ್ನು ನಿಜ ವಯಸ್ಸಿಗಿಂತ ಹತ್ತಾರು ವರ್ಷ ಚಿಕ್ಕವರೆಂದೇ ತಿಳಿದಿದ್ದರು. 1983ರಲ್ಲಿ ಒಂದು ಪತ್ರಿಕೆ ಅವರ ಜನನ ಪ್ರಮಾಣಪತ್ರವನ್ನು ಹುಡುಕಿ ತೆಗೆದು ಮುದ್ರಿಸಿತು. 84 ವರ್ಷ! ಆ ಆಘಾತದಿಂದ ಅವರು ಚೇತರಿಸಿಕೊಳ್ಳಲಿಲ್ಲ. ಅದೇ ವರ್ಷ ಧಾರಾವಾಹಿಯಿಂದ ದೂರವಾದರು, ಮತ್ತೆ ಮರಳಲಿಲ್ಲ. ಆಕೆಯ ಗಂಡನ ಪಾತ್ರ ಮಾಡುತ್ತಿದ್ದ ಆರ್ಥರ್ ಲೆಸ್ಲಿ 1970ರಲ್ಲಿ ರಜೆಗೆ ಹೋಗಿದ್ದಾಗ ಹಠಾತ್ತನೆ ತೀರಿಕೊಂಡಿದ್ದರು. ಕತೆಯಲ್ಲೂ ಜ್ಯಾಕ್ ವಾಕರ್ ಸತ್ತ, ಆ್ಯನಿ ವಿಧವೆಯಾಗಿ ಪಬ್ ನಡೆಸಿದಳು. ನಮ್ಮಲ್ಲಾದರೆ ಮರುದಿನ ಪರದೆಯ ಕೆಳಗೆ ಒಂದು ಸಾಲು ಬರುತ್ತದೆ: ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು. ಇಲ್ಲವೇ ಗೋಡೆಗೊಂದು ಫೋಟೊ, ಅದಕ್ಕೊಂದು ಗಂಧದ ಹಾರ, ಕತೆ ಮುಂದಕ್ಕೆ. ಪಾತ್ರಕ್ಕೆ ಹೊಸ ಮುಖ ತೊಡಿಸುವುದು ಅಲ್ಲಿಯೂ ಇಲ್ಲವೆಂದಲ್ಲ. ಮಕ್ಕಳ ಪಾತ್ರಗಳಿಗೆ ಎಷ್ಟೋ ಮುಖಗಳು ಬದಲಾಗಿವೆ. ಆದರೆ ಹಿರಿಯ ನಟ ಸತ್ತರೆ ಪಾತ್ರವೂ ಅವನೊಂದಿಗೇ ಹೋಗುವುದು ಅಲ್ಲಿನ ರೂಢಿಯಾಯಿತು.

ಆ ರೂಢಿಯಿಂದ ಹುಟ್ಟಿದ ಒಂದು ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಹಿಲ್ಡಾ ಮತ್ತು ಸ್ಟಾನ್ ಆಗ್ಡನ್ ಈ ಬೀದಿಗೆ ಬಂದದ್ದು 1964ರಲ್ಲಿ. ಹಿಲ್ಡಾ ಪಬ್ಬಿನ ನೆಲ ಒರೆಸುವ ಕೆಲಸದವಳು, ಬಾಯಿಬಡುಕಿ. ಸ್ಟಾನ್ ಸೋಮಾರಿ, ಕುಡುಕ, ಕಿಟಕಿ ಒರೆಸುವವನು. ಜಗಳವೇ ಅವರ ಸಂಸಾರ. ಹಿಲ್ಡಾ ಆದ ಜೀನ್ ಅಲೆಕ್ಸಾಂಡರ್ ಲಿವರ್‌ಪೂಲಿನವರು, ಗ್ರಂಥಾಲಯದಲ್ಲಿ ಕೆಲಸ ಮಾಡಿ ರಂಗಭೂಮಿಗೆ ಬಂದ ಮಿತಭಾಷಿ. ಮದುವೆಯಾಗಲಿಲ್ಲ. ಹಿಲ್ಡಾಳ ತಲೆಯಲ್ಲಿ ಸದಾ ಕರ್ಲರು, ಮೇಲೊಂದು ವಸ್ತ್ರ. ಯುದ್ಧಕಾಲದ ಮದ್ದುಗುಂಡಿನ ಕಾರ್ಖಾನೆಯ ಹೆಂಗಸರು ಸಂಜೆ ಯಾರಾದರೂ ಹೊರಗೆ ಕರೆದಾರೆಂದು ಹಾಗೆಯೇ ಕೂದಲು ಸುತ್ತಿಕೊಂಡು ಕೆಲಸ ಮಾಡುತ್ತಿದ್ದರಂತೆ. ಅದನ್ನು ನೆನೆದು ಈ ವೇಷ ಕಟ್ಟಿಕೊಂಡೆ ಎಂದು ಆಕೆ ಹೇಳಿಕೊಂಡಿದ್ದಾರೆ. ಯಾರೂ ಎಂದೂ ಹೊರಗೆ ಕರೆಯದ ಹಿಲ್ಡಾ ಇಪ್ಪತ್ಮೂರು ವರ್ಷ ಆ ಕರ್ಲರುಗಳನ್ನು ಬಿಚ್ಚಲಿಲ್ಲ. ನಟಿಯ ಬುದ್ಧಿವಂತಿಕೆ ಎಂದರೆ ಇದು. ಸ್ಟಾನ್ ಆದ ಬರ್ನಾರ್ಡ್ ಯೂಎನ್ಸ್ ಗ್ರನಾಡಾದಲ್ಲೇ ಕಾರ್ಯಕ್ರಮಗಳ ನಡುವೆ ನಿರೂಪಣೆ ಮಾಡುತ್ತಿದ್ದವರು, ಗಂಭೀರವಾದ ಶುದ್ಧ ದನಿಯವರು. ಆ ಮನುಷ್ಯ ಬನಿಯನ್ನಿನಲ್ಲಿ ಕೂತು ತಡವರಿಸುವ ಸ್ಟಾನ್ ಆಗಿ ಇಪ್ಪತ್ತು ವರ್ಷ ದುಡಿದರು.

ಯೂಎನ್ಸ್‌ಗೆ ಪಾರ್ಶ್ವವಾಯು ಬಡಿಯಿತು. ಮಾತು ಕಷ್ಟವಾಯಿತು. ಕಾಲು ಕತ್ತರಿಸಬೇಕಾಯಿತು. ಅಷ್ಟೆಲ್ಲ ಆದರೂ ಪಾತ್ರ ಬಿಡಲಿಲ್ಲ, ಧಾರಾವಾಹಿಯವರೂ ಅವರನ್ನು ಬಿಡಲಿಲ್ಲ. ಸ್ಟಾನ್ ಕೂತಲ್ಲೇ ಕೂರುವವನಾದ. 1984ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ನವೆಂಬರಿನಲ್ಲಿ ಸ್ಟಾನ್ ಸತ್ತ. ಶವಸಂಸ್ಕಾರ ಮುಗಿದು ಮನೆಗೆ ಬಂದ ಹಿಲ್ಡಾಳ ಮುಂದೆ ಆಸ್ಪತ್ರೆಯಿಂದ ಬಂದ ಒಂದು ಪೊಟ್ಟಣವಿದೆ, ಗಂಡನ ಸಾಮಾನು. ಜನವೆಲ್ಲ ಹೋದ ಮೇಲೆ ಅದನ್ನು ಬಿಚ್ಚುತ್ತಾಳೆ. ಬಟ್ಟೆಗಳ ನಡುವೆ ಕನ್ನಡಕದ ಡಬ್ಬಿ. ಅದನ್ನು ತೆರೆಯುತ್ತಾಳೆ, ಕನ್ನಡಕ ನೋಡುತ್ತಾಳೆ, ಅಷ್ಟು ಹೊತ್ತು ತಡೆದಿದ್ದ ಅಳು ಒಡೆಯುತ್ತದೆ. ಒಂದು ಮಾತೂ ಇಲ್ಲ. ರಾಯಲ್ ಟೆಲಿವಿಷನ್ ಸೊಸೈಟಿಯ ಪ್ರಶಸ್ತಿ ಆಕೆಗೆ ಬಂತು.

ಆ ಅಳು ಹಿಲ್ಡಾಳದ್ದೋ ಅಲೆಕ್ಸಾಂಡರರದ್ದೋ ಎಂದು ಕೇಳುವವರು ಇದ್ದೇ ಇರುತ್ತಾರೆ. ಅಭಿನಯ ಮಾಡುತ್ತಿಲ್ಲ, ನಿಜವಾಗಿಯೇ ಅತ್ತರು ಎಂದರೆ ಹೊಗಳಿಕೆ ಎಂಬ ಭ್ರಮೆ ನಮ್ಮಲ್ಲಿದೆ. ನನಗೆ ಅದು ನಟಿಗೆ ಮಾಡುವ ಅನ್ಯಾಯದಂತೆ ಕಾಣುತ್ತದೆ. ಆ ದೃಶ್ಯದಲ್ಲಿ ಕೈಗಳನ್ನು ನೋಡಿ. ಪೊಟ್ಟಣ ಬಿಚ್ಚುವುದರಲ್ಲಿ ಅವಸರವಿಲ್ಲ. ದಿನವೂ ಮನೆ ಚೊಕ್ಕಟ ಮಾಡುವ ಹೆಂಗಸಿನ ಅಭ್ಯಾಸದ ಕೈ ಅದು. ದುಃಖ ಬಂದ ಮೇಲೂ ಕೈ ತನ್ನ ಕೆಲಸ ಮರೆಯುವುದಿಲ್ಲ. ಅಷ್ಟು ಹಿಡಿತ ಬರುವುದು ಕಸಬಿನಿಂದ. ಆದರೆ ಇಪ್ಪತ್ತು ವರ್ಷ ಜೊತೆಗಿದ್ದು ಇಲ್ಲವಾದ ಸಹನಟನ ಭಾರವಿಲ್ಲದೆ ಎರಡೂವರೆ ಗಂಟೆಯ ಯಾವ ಸಿನಿಮಾ ಕೂಡ ಒಂದು ಕನ್ನಡಕದ ಡಬ್ಬಿಯಿಂದ ಅಷ್ಟನ್ನು ತೆಗೆಯಲಾರದು. ನೋಡುವವರೂ ಆ ಇಪ್ಪತ್ತು ವರ್ಷ ಜೊತೆಗಿದ್ದರಲ್ಲ.

ಮೂರು ವರ್ಷದ ನಂತರ, 1987ರ ಕ್ರಿಸ್‌ಮಸ್ ದಿನ, ಅಲೆಕ್ಸಾಂಡರ್ ತಾವಾಗಿಯೇ ಹೊರಬಂದರು. ಆ ಕಂತನ್ನು ಮರುಪ್ರಸಾರವೂ ಸೇರಿ ಎರಡೂವರೆ ಕೋಟಿಗೂ ಹೆಚ್ಚು ಜನ ನೋಡಿದರು ಎಂಬ ಲೆಕ್ಕವಿದೆ. ಹೊರಬಂದವರು ಮನೆಯಲ್ಲಿ ಕೂರಲಿಲ್ಲ. ಮತ್ತೊಂದು ಜನಪ್ರಿಯ ಹಾಸ್ಯ ಧಾರಾವಾಹಿಯಲ್ಲಿ ಜಿಪುಣ ಅಂಗಡಿಯಾಕೆಯಾಗಿ ಮತ್ತೆ ಎರಡು ದಶಕ ದುಡಿದು, 2016ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಿಟ್ಟು ಹೋದವರ ನೆನಪು ಬೇರೆಯದೇ ಬಗೆಯದು. ಕೆನ್‌ನ ಮೊದಲ ಹೆಂಡತಿ ವ್ಯಾಲರಿಯಾಗಿದ್ದ ಆ್ಯನ್ ರೀಡ್‌ಗೆ ಹತ್ತು ವರ್ಷಕ್ಕೇ ಬೇಸರ ಬಂತು. 1971ರಲ್ಲಿ ಬಿಡುತ್ತೇನೆಂದಾಗ ಬರಹಗಾರರು ವ್ಯಾಲರಿಯನ್ನು ಕೂದಲು ಒಣಗಿಸುವ ಯಂತ್ರದ ಕೆಟ್ಟ ಪ್ಲಗ್ಗಿನಿಂದ ವಿದ್ಯುತ್ ತಗುಲಿಸಿ ಕೊಂದರು. ಬಾಗಿಲು ಮುಚ್ಚಿತು, ಮರಳಿ ಬರುವ ಪ್ರಶ್ನೆಯೇ ಇಲ್ಲ. ಆಮೇಲೆ ರೀಡ್ ಬಹುಕಾಲ ಮರೆಯಲ್ಲಿದ್ದರು. ದೊಡ್ಡ ಮನ್ನಣೆ ಬಂದದ್ದು 2003ರ 'ದಿ ಮದರ್' ಚಿತ್ರದಿಂದ, ಅರವತ್ತು ದಾಟಿದ ಮೇಲೆ. ಕೆನ್ ಬಾರ್ಲೋನ ಹೆಂಡತಿಯಾಗಿಯೇ ಉಳಿದಿದ್ದರೆ ಆ ಚಿತ್ರ ಆಕೆಗೆ ಸಿಗುತ್ತಿತ್ತೇ? ಇನ್ನೊಂದು ಕಡೆ, ಮೊದಲ ಕಂತಿನಲ್ಲೇ ಡೆನಿಸ್ ಟ್ಯಾನರ್ ಎಂಬ ಪೋಲಿ ಹುಡುಗನಾಗಿ ಬಂದಿದ್ದ ಫಿಲಿಪ್ ಲೌರಿ 1968ರಲ್ಲಿ ಬಿಟ್ಟು ಹೋದರು. ಮರಳಿದ್ದು 2011ರಲ್ಲಿ! ಅದೇ ಪಾತ್ರ, ಅದೇ ನಟ, ನಡುವೆ 43 ವರ್ಷ. ಗಿನ್ನೆಸ್ ಪುಸ್ತಕದವರು ಅದನ್ನೂ ದಾಖಲೆಯೆಂದು ಬರೆದುಕೊಂಡರು. ಬಂದ ಡೆನಿಸ್ ಊರು ಬಿಟ್ಟು ಅಲೆದು ಸೋತ, ಮನೆಯಿಲ್ಲದ ಮುದುಕ. ಬೇರೆ ಯಾವ ಕಲಾಪ್ರಕಾರದಲ್ಲಿ ಒಂದು ಪಾತ್ರದ ನಡುವಯಸ್ಸನ್ನು ಪೂರ್ತಿ ಬಿಟ್ಟುಕೊಟ್ಟು, ಎರಡು ತುದಿಗಳನ್ನು ಒಬ್ಬನೇ ನಟನಿಂದ ಮಾಡಿಸಲು ಸಾಧ್ಯ?

ಇನ್ನು ಬೆಟ್ಟಿ ಡ್ರೈವರ್. ಬಾಲ್ಯದಿಂದ ವೇದಿಕೆಯಲ್ಲಿ ಹಾಡಿ ಹೆಸರಾಗಿದ್ದವರು, ಹಾಡು ಬಿಟ್ಟು ಸೋದರಿಯೊಂದಿಗೆ ಪಬ್ ನಡೆಸಿದವರು. 1969ರಲ್ಲಿ ರೋವರ್ಸ್ ರಿಟರ್ನಿನ ಕೌಂಟರಿನ ಹಿಂದೆ ನಿಂತ ಆಕೆ 2011ರಲ್ಲಿ ಸಾಯುವವರೆಗೂ ಅಲ್ಲೇ ನಿಂತಿದ್ದರು. ಬಿಯರ್ ಹೇಗೆ ಸುರಿಯಬೇಕೆಂದು ಆಕೆಗೆ ಯಾವ ನಿರ್ದೇಶಕನೂ ಹೇಳಿಕೊಡಬೇಕಾಗಿರಲಿಲ್ಲ. ಬಿಲ್ ಟಾರ್ಮಿ ಅದೇ ಪಬ್ಬಿನ ದೃಶ್ಯಗಳಲ್ಲಿ ಹಿಂದೆ ಕೂತು ಲೋಟ ಎತ್ತುವ ಜೂನಿಯರ್ ಕಲಾವಿದನಾಗಿ ಬಂದವರು. ಮುಂದೆ ಜ್ಯಾಕ್ ಡಕ್‌ವರ್ತ್ ಆಗಿ ಅದೇ ಪಬ್ಬಿನ ಮಾಲೀಕರಾದರು.

ಕೆನ್ ಮತ್ತು ಮುಂದೆ ಅವನ ಹೆಂಡತಿಯಾದ ಡೀಡ್ರಿಯ ವಿಷಯಕ್ಕೆ ಬಂದರೆ ಇಂಗ್ಲೆಂಡಿನವರ ಹುಚ್ಚು ನಮ್ಮವರನ್ನೂ ಮೀರಿಸುತ್ತದೆ. ಡೀಡ್ರಿಯಾಗಿ ಆ್ಯನ್ ಕರ್ಕ್‌ಬ್ರೈಡ್ ಬಂದದ್ದು 1972ರಲ್ಲಿ, ಹದಿಹರೆಯ ಆಗಷ್ಟೇ ಮುಗಿಯುತ್ತಿದ್ದಾಗ. ಇಬ್ಬರ ಮದುವೆ 1981ರ ಜುಲೈ 27ಕ್ಕೆ, ಚಾರ್ಲ್ಸ್-ಡಯಾನಾ ಮದುವೆಗೆ ಎರಡು ದಿನ ಮೊದಲು. ಮುರಿದು, ಮತ್ತೆ ಕೂಡಿ, 2005ರಲ್ಲಿ ಇನ್ನೊಮ್ಮೆ ಮದುವೆಯಾದಾಗ ಅದು ಚಾರ್ಲ್ಸ್-ಕ್ಯಾಮಿಲಾ ಮದುವೆಯ ಹಿಂದಿನ ದಿನ! ಡೀಡ್ರಿ ಕಾರ್ಖಾನೆ ಮಾಲೀಕ ಮೈಕ್ ಬಾಲ್ಡ್ವಿನ್ ಕಡೆ ವಾಲಿ ಕೊನೆಗೆ ಗಂಡನ ಬಳಿಯೇ ಉಳಿದ 1983ರ ಆ ರಾತ್ರಿ, ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯ ನಡೆಯುತ್ತಿತ್ತು. ಸ್ಕೋರ್ ಬೋರ್ಡಿನ ಮೇಲೆ ಕೆನ್ 1, ಮೈಕ್ 0 ಎಂದು ಬಂತು. 1998ರಲ್ಲಿ ಒಬ್ಬ ವಂಚಕನ ಬಲೆಗೆ ಬಿದ್ದು ಡೀಡ್ರಿ ಜೈಲಿಗೆ ಹೋದಾಗ ಅವಳನ್ನು ಬಿಡಿಸಬೇಕೆಂದು ಚಳವಳಿಯೇ ನಡೆದು, ಪ್ರಧಾನಿ ಟೋನಿ ಬ್ಲೇರ್ ಕೂಡ ತಮಾಷೆಗೆ ದನಿಗೂಡಿಸಿದರು.

ಕರ್ಕ್‌ಬ್ರೈಡ್ 2015ರ ಜನವರಿಯಲ್ಲಿ ಅರವತ್ತನೆಯ ವಯಸ್ಸಿಗೆ ತೀರಿಕೊಂಡರು. ಜುಲೈನಲ್ಲಿ ಡೀಡ್ರಿ ಸತ್ತಳು, ಅರವತ್ತನೆಯ ಹುಟ್ಟುಹಬ್ಬದ ತಯಾರಿ ನಡೆದಿರುವಾಗ. ತಮ್ಮ ನಿಜ ಜೀವನದ ಹೆಂಡತಿಯನ್ನು 2009ರಲ್ಲಿ ಕಳೆದುಕೊಂಡಿದ್ದ ರೋಚ್, ಎಂಬತ್ತಮೂರರಲ್ಲಿ ಪರದೆಯ ಹೆಂಡತಿಯ ಅಂತ್ಯಕ್ರಿಯೆಗೆ ನಿಂತರು. ಇದು ಸಂತಾಪವೇ, ವ್ಯಾಪಾರವೇ? ಎರಡೂ. ಟಿಆರ್‌ಪಿಯ ಮೇಲೆ ಕಣ್ಣಿಡದ ಚಾನೆಲ್ ಭೂಮಿಯ ಮೇಲೆ ಇಲ್ಲ. ಆದರೂ, ಸತ್ತವರನ್ನು ಸತ್ತರೆಂದು ಒಪ್ಪಿಕೊಂಡು, ನೋಡುವವರಿಗೆ ಅಳಲು ಒಂದು ಸಂಜೆ ಕೊಟ್ಟದ್ದು, ರಾತ್ರೋರಾತ್ರಿ ಹೊಸ ಡೀಡ್ರಿಯನ್ನು ಕರೆತರುವುದಕ್ಕಿಂತ ಸಭ್ಯವಾಗಿತ್ತು.

ವಾರಕ್ಕೆ ಎರಡಿದ್ದ ಕಂತುಗಳು ಮೂರಾಗಿ, ನಾಲ್ಕಾಗಿ, 2017ರ ಹೊತ್ತಿಗೆ ಆರಾದವು. ತಾಲೀಮಿನ ದಿನಗಳು ಮಾಯವಾದವು. ಹಳಬರ ಕೊರಗು ಮುಖ್ಯವಾಗಿ ಇದೇ, ಮತ್ತು ಅದು ಕೇವಲ ಮುದುಕರ ಗೊಣಗಾಟವಲ್ಲ. ಕನ್ನಡಕದ ಡಬ್ಬಿಯಂಥ ದೃಶ್ಯ ಹುಟ್ಟಲು ಸ್ವಲ್ಪ ಬಿಡುವು ಬೇಕು. ಐವತ್ತನೆಯ ವರ್ಷದ ಸಂಭ್ರಮಕ್ಕೆ 2010ರ ಡಿಸೆಂಬರ್ 9ರಂದು ಟ್ರಾಮ್ ಅಪಘಾತದ ಕತೆಯ ಒಂದು ಗಂಟೆಯ ಕಂತನ್ನು ನೇರ ಪ್ರಸಾರ ಮಾಡಿದಾಗ, ಹೊಸ ಪೀಳಿಗೆಯ ನಟರು ನಡುಗಿದ್ದನ್ನು ಹೇಳಿಕೊಂಡರು. 1960ರಲ್ಲಿ ಅದು ಪ್ರತಿ ಶುಕ್ರವಾರದ ಪಾಡು. ಹಳಬರಲ್ಲೊಬ್ಬರು, 1974ರಲ್ಲಿ ಬಂದ ಹೆಲೆನ್ ವರ್ತ್, ಗೇಲ್ ಎಂಬ ಪಾತ್ರದಲ್ಲಿ ಸರಿಯಾಗಿ ಐವತ್ತು ವರ್ಷ ಮುಗಿಸಿ 2024ರ ಕ್ರಿಸ್‌ಮಸ್‌ಗೆ ಹೊರಟರು.

ರೋಚ್ ಹೊರಡಲಿಲ್ಲ. 2020ರ ಕೋವಿಡ್ ಕಾಲದಲ್ಲಿ ಚಿತ್ರೀಕರಣ ನಿಂತು ಮತ್ತೆ ಶುರುವಾದಾಗ ಎಪ್ಪತ್ತು ದಾಟಿದವರಿಗೆ ಸೆಟ್ಟಿಗೆ ಪ್ರವೇಶವಿರಲಿಲ್ಲ. ಕೆನ್ ಕೆಲವು ತಿಂಗಳು ಪರದೆಯಲ್ಲಿ ಕಾಣಲಿಲ್ಲ, ಆಮೇಲೆ ಮತ್ತೆ ಬಂದ. ಅವರ ಮಗ ಲೈನಸ್ ರೋಚ್ ಚಿಕ್ಕವನಿದ್ದಾಗ, 1970ರ ದಶಕದಲ್ಲಿ, ಕೆನ್‌ನ ಮಗ ಪೀಟರ್ ಆಗಿ ಸ್ವಲ್ಪ ಕಾಲ ನಟಿಸಿದ್ದ. ಬೆಳೆದು ಸಿನಿಮಾಗಳಲ್ಲಿ ಹೆಸರು ಮಾಡಿದ ಲೈನಸ್ 2010ರಲ್ಲಿ ಮತ್ತೆ ಅಲ್ಲಿಗೆ ಬಂದರು. ಆದರೆ ಆ ಹೊತ್ತಿಗೆ ಪೀಟರ್ ಪಾತ್ರ ಇನ್ನೊಬ್ಬ ನಟನ ಪಾಲಾಗಿತ್ತು. ಹಾಗಾಗಿ ಬರಹಗಾರರು ಮೊದಲ ಕಂತಿನ ಆ ಗೆಳತಿಗೆ ಕೆನ್‌ನಿಂದ ಒಂದು ಗುಟ್ಟಿನ ಮಗು ಹುಟ್ಟಿತ್ತು ಎಂದು ಬರೆದರು. ಆ ಮಗುವೇ ಲಾರೆನ್ಸ್. ಲೈನಸ್ ಲಾರೆನ್ಸ್ ಆದರು, ಅವರ ತಮ್ಮ ಜೇಮ್ಸ್ ರೋಚ್ ಲಾರೆನ್ಸ್‌ನ ಮಗನಾದ. ಅಣ್ಣ ಅಪ್ಪನಾದ, ಅಪ್ಪ ತಾತನಾದರು. ನಿಜವಾದ ಅಪ್ಪ-ಮಕ್ಕಳು ಒಂದೇ ಕತೆಯಲ್ಲಿ ಸೇರಿದಾಗ ಆ ಪಾತ್ರಗಳು ಒಬ್ಬರಿಗೊಬ್ಬರು ಅಪರಿಚಿತರು. ತಾನು ಯಾರೆಂದು ಕೆನ್‌ಗೆ ಪರಿಚಯ ಹೇಳಿಕೊಳ್ಳುವುದರಿಂದಲೇ ಮಾತು ಶುರುವಾಗಬೇಕಿತ್ತು.